ಪರೀಕ್ಷೆ ನೆಗೆಟಿವ್ ಬಂದ ಮಗುವಿಗೆ ಕ್ಷಯದ ಮಾತ್ರೆ ಏಕೆ?

ಹೊಸನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಕಳೆದ ತಿಂಗಳು ಶ್ವಾಸಕೋಶದ ಕ್ಷಯ ಎಂದು ಗೊತ್ತಾಯಿತು. ಮಳೆ ಹಿಡಿದಾಗಿನಿಂದ ಕೆಮ್ಮುತ್ತಿದ್ದರು. ಆಸ್ಪತ್ರೆ ಎಂದರೆ ಅವರಿಗೆ ಮೊದಲಿನಿಂದಲೂ ಆಗುವುದಿಲ್ಲ. ಬಚ್ಚಲೊಲೆಯ ಹೊಗೆ, ಥಂಡಿ ಎಂದು ಕಾಳುಮೆಣಸಿನ ಕಷಾಯದಲ್ಲೇ ಆಷಾಢ, ಶ್ರಾವಣ ಕಳೆದರು. ಕಫ ಪರೀಕ್ಷೆಯಾದ ಮೇಲೆ ಸರ್ಕಾರಿ ಮಾತ್ರೆ ನಡೆಯುತ್ತಿದೆ. ಜ್ವರ ನಿಂತಿದೆ, ಊಟ ಸೇರುತ್ತಿದೆ.

ಈಗ ಚಿಂತೆ ಮಕ್ಕಳದ್ದು. ಮಗನಿಗೆ ಹದಿನಾಲ್ಕು ತಿಂಗಳು, ಅಜ್ಜನ ಎದೆಯ ಮೇಲೆ ಮಲಗಿಸಿದರೆ ಮಾತ್ರ ನಿದ್ದೆ ಹೋಗುವ ಮಗು. ಮಗಳಿಗೆ ಆರು ವರ್ಷ. ಮಾವನವರ ರಿಪೋರ್ಟ್ ಬಂದ ವಾರದಲ್ಲೇ ಇಬ್ಬರಿಗೂ ಪೇಟೆಯ ಒಂದು ಲ್ಯಾಬ್‌ನಲ್ಲಿ ಮಾಂಟೂ ಪರೀಕ್ಷೆ (ಮುಂಗೈಗೆ ದ್ರವ ಚುಚ್ಚಿ ಊತ ಏಳುತ್ತದೆಯೇ ಎಂದು ನೋಡುವುದು) ಮಾಡಿಸಿದೆವು. ಮಗನ ಕೈಯಲ್ಲಿ ಊತ ಏಳಲೇ ಇಲ್ಲ, ನೆಗೆಟಿವ್ ಎಂದು ಬರೆದರು. ಮಗಳದ್ದು 12 ಮಿಲಿಮೀಟರ್, ಪಾಸಿಟಿವ್. ಇಬ್ಬರೂ ಆಡಿಕೊಂಡಿದ್ದಾರೆ, ಜ್ವರವಿಲ್ಲ, ಕೆಮ್ಮಿಲ್ಲ.

ಆಶಾ ಕಾರ್ಯಕರ್ತೆ ಬಂದು ಇಬ್ಬರಿಗೂ ಮಾತ್ರೆ ಬೇಕಾಗುತ್ತದೆ, ಚಿಕ್ಕವನಿಗಂತೂ ತಡಮಾಡಬೇಡಿ ಎನ್ನುತ್ತಾರೆ. ಯಜಮಾನರ ಚಿಕ್ಕಪ್ಪ, ನೆಗೆಟಿವ್ ಬಂದ ಕೂಸಿಗೆ ಆರು ತಿಂಗಳು ಮಾತ್ರೆ ನುಂಗಿಸುವುದು ಯಾವ ನ್ಯಾಯ ಎಂದು ಕೂಗಾಡುತ್ತಿದ್ದಾರೆ. ಕೊಡುವುದಿದ್ದರೆ ದೊಡ್ಡವಳಿಗೆ ಮಾತ್ರ ಕೊಡಿ ಎಂಬುದು ಅವರ ತೀರ್ಮಾನ. ತಿಳಿದವರು ಹೇಳಿ.

ಅಡಿಕೆ ತೋಟ, ಕೋಣಂದೂರು

ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಪರೀಕ್ಷೆ ಮಾಡಿಸುವುದೇ ಗೊತ್ತಾಗಲಿ ಎಂದು. ಇಲ್ಲ ಎಂದು ಬಂದ ಮೇಲೂ ಮಾತ್ರೆ ಕೊಡುವುದಾದರೆ ಮಗುವಿನ ಕೈಗೆ ಸೂಜಿ ಚುಚ್ಚಿದ್ದು ಏತಕ್ಕೆ? ಹುಟ್ಟಿದ ಕೂಡಲೇ ಕ್ಷಯದ ಲಸಿಕೆ ಬಿಸಿಜಿ ಹಾಕಿಸಿರುತ್ತೀರಲ್ಲ, ಅದು ಸಾಲದೇ?

ನಿವೃತ್ತ ಸಿಸ್ಟರ್, ತೀರ್ಥಹಳ್ಳಿ

ತಂಗೀ, ನಿಮ್ಮ ಆಶಾ ಕಾರ್ಯಕರ್ತೆ ಸರಿಯಾಗಿಯೇ ಹೇಳಿದ್ದಾರೆ. ಆಕೆಯ ಮಾತು ಕೇಳಿ.

ಮಾಂಟೂ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ. ಕ್ಷಯದ ರೋಗಾಣುವಿನಿಂದ ತೆಗೆದ ಪ್ರೋಟೀನ್ ಅನ್ನು ಚರ್ಮದ ಪದರದೊಳಗೆ 0.1 ಮಿಲಿಲೀಟರ್ ಬಿಡುತ್ತೇವೆ. ಈ ವೈರಿಯನ್ನು ಮೊದಲೇ ಕಂಡಿರುವ ದೇಹವಾದರೆ ಅಲ್ಲಿ ಗಟ್ಟಿಯಾಗಿ ಊದಿಕೊಳ್ಳುತ್ತದೆ. ಸೋಂಕು ತಗುಲಿದ ಮೇಲೆ ದೇಹ ಹಾಗೆ ಗುರುತು ಹಿಡಿಯಲು ಎರಡರಿಂದ ಎಂಟು ವಾರ ಬೇಕು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಜ್ಜನ ಉಸಿರಿನಿಂದ ಆಗಸ್ಟ್ ಕೊನೆಯಲ್ಲಿ ಸೋಂಕು ತಗುಲಿ, ಸೆಪ್ಟೆಂಬರ್ ಮೊದಲ ವಾರ ಸೂಜಿ ಚುಚ್ಚಿಸಿದರೆ ಕೈ ಏಳುವುದಿಲ್ಲ, ಆದರೂ ಸೋಂಕು ಒಳಗಿರುತ್ತದೆ. ಆರು ತಿಂಗಳೊಳಗಿನ ಕೂಸುಗಳ ಮಾತಂತೂ ಹೇಳುವುದೇ ಬೇಡ. ಅವುಗಳ ರೋಗನಿರೋಧಕ ಶಕ್ತಿ ಇನ್ನೂ ಎಳೆಯದು, ಸೋಂಕಿದ್ದರೂ ಮಾಂಟೂ ಸುಮ್ಮನಿರುವುದು ಸಾಮಾನ್ಯ. ತೂಕ ಕಡಿಮೆಯಿರುವ ಮಗು, ಈಚೆಗೆ ದಡಾರ ಎದ್ದ ಮಗು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗು, ಇವರಲ್ಲೂ ಹಾಗೆಯೇ.

ಆದ್ದರಿಂದ ಮನೆಯಲ್ಲೇ ಕಫದ ಕ್ಷಯವಿರುವಾಗ ಐದು ವರ್ಷದೊಳಗಿನ ಮಗುವಿಗೆ ಈ ಪರೀಕ್ಷೆ ಮಾಡಿಸಲೇಬೇಕೆಂದು ನಮ್ಮ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಹೇಳುವುದಿಲ್ಲ. ಮಗುವಿಗೆ ಕಾಯಿಲೆಯೇ ಬಂದಿದೆಯೇ ಎಂದು ಮೊದಲು ನೋಡಬೇಕು. ಬಂದಿಲ್ಲ ಎಂದು ಖಚಿತವಾದರೆ ತಡೆಗಟ್ಟುವ ಮಾತ್ರೆ ಶುರು. 2021ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ.

ಮಕ್ಕಳ ವೈದ್ಯ, ಶಿವಮೊಗ್ಗ

ಸಿಸ್ಟರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಈ ಮನೆಯಲ್ಲಿ ನನಗೆ ಹೆಚ್ಚು ಭಯವಿರುವುದು ನೆಗೆಟಿವ್ ಬಂದ ಹುಡುಗನ ಬಗ್ಗೆ. ಪಾಸಿಟಿವ್ ಬಂದ ಅಕ್ಕನ ಬಗ್ಗೆ ಅಷ್ಟಿಲ್ಲ. ಕಾರಣ ವಯಸ್ಸು. ದೊಡ್ಡವರಲ್ಲಿ ಸೋಂಕು ತಗುಲಿದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ. ಕೂಸುಗಳ ಲೆಕ್ಕವೇ ಬೇರೆ. ಕ್ಷಯಕ್ಕೆ ಔಷಧವೇ ಇಲ್ಲದ ಕಾಲದಲ್ಲಿ ಬರೆದಿಟ್ಟ ದಾಖಲೆಗಳ ಪ್ರಕಾರ, ಒಂದು ವರ್ಷದೊಳಗೆ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಕಾಯಿಲೆ ಬೀಳುತ್ತಿದ್ದರು. ನೂರರಲ್ಲಿ 10ರಿಂದ 20 ಮಕ್ಕಳಿಗೆ ಮೆದುಳಿನ ಪೊರೆಯ ಕ್ಷಯ ಅಥವಾ ಮೈಯೆಲ್ಲ ಹರಡುವ ಮಿಲಿಯರಿ ಕ್ಷಯ ಬರುತ್ತಿತ್ತು. ಎರಡನೆಯ ವರ್ಷದಲ್ಲಿ ಅಪಾಯ ಇಳಿಯುತ್ತದೆ, ಆದರೂ ಸಣ್ಣದಲ್ಲ. ಐದರಿಂದ ಹತ್ತು ವರ್ಷದ ನಡುವೆ ಅದು ಅತ್ಯಂತ ಕಡಿಮೆ. ಅಲ್ಲದೆ ಚಿಕ್ಕ ಮಕ್ಕಳಲ್ಲಿ ಇದೆಲ್ಲ ನಡೆಯುವುದು ಸೋಂಕು ತಗುಲಿದ ಒಂದು ವರ್ಷದೊಳಗೆ, ಹಲವರಲ್ಲಿ ಕೆಲವೇ ತಿಂಗಳಲ್ಲಿ. ಎಂಟು ವಾರ ಕಾದು ಮತ್ತೊಮ್ಮೆ ಮಾಂಟೂ ಮಾಡಿ ಆಮೇಲೆ ನೋಡೋಣ ಎನ್ನುವಷ್ಟು ಪುರುಸೊತ್ತನ್ನು ಈ ರೋಗಾಣು ಹದಿನಾಲ್ಕು ತಿಂಗಳ ಮಗುವಿಗೆ ಕೊಡುವುದಿಲ್ಲ.

ಮಗಳ 12 ಮಿಲಿಮೀಟರ್ ಬಗ್ಗೆ: ಅದರ ಅರ್ಥ ಸೋಂಕು ತಗುಲಿರಬಹುದು ಎಂದಷ್ಟೇ. ಕ್ಷಯ ರೋಗ ಬಂದಿದೆ ಎಂದಲ್ಲ. ಮಾಂಟೂ ಆಗಲಿ ರಕ್ತದ ಇಗ್ರಾ ಪರೀಕ್ಷೆಯಾಗಲಿ ಸೋಂಕನ್ನೂ ಕಾಯಿಲೆಯನ್ನೂ ಬೇರೆ ಮಾಡಿ ತೋರಿಸಲಾರವು. ಆದ್ದರಿಂದ ಅವಳಿಗೆ ಎದೆಯ ಎಕ್ಸ್‌ರೇ ಬೇಕು. ಹುಡುಗನಿಗೂ ತೆಗೆಸಿಬಿಡಿ. ಇಬ್ಬರ ತೂಕ ಹಾಕಿಸಿ, ಕುತ್ತಿಗೆಯಲ್ಲಿ ಗಂಟುಗಳಿವೆಯೇ ನೋಡಿಸಿ. ಎಲ್ಲ ಸರಿಯಿದ್ದರೆ ಇಬ್ಬರಿಗೂ ತಡೆ ಮಾತ್ರೆ.

ಇನ್ನೊಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ. ಮಾವನವರ ಕಫದಲ್ಲಿ ಸಿಕ್ಕಿದ ರೋಗಾಣು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವಂಥದ್ದೇ ಎಂಬುದು ರೋಗಾಣುವಿನ ಗುರುತು ಹುಡುಕುವ ಯಂತ್ರಗಳಾದ ಸಿಬಿನಾಟ್ ಅಥವಾ ಟ್ರೂನಾಟ್‌ನ ರಿಪೋರ್ಟ್‌ನಲ್ಲಿ ಇರುತ್ತದೆ. ಬಗ್ಗದ ಜಾತಿಯಾಗಿದ್ದರೆ ಮಕ್ಕಳಿಗೆ ಕೊಡುವ ಔಷಧವೂ ಬೇರೆಯಾಗುತ್ತದೆ.

ಅಡಿಕೆ ತೋಟ, ಕೋಣಂದೂರು

ಡಾಕ್ಟರೇ, ಬಿಸಿಜಿ ಬಗ್ಗೆ ಹೇಳಲೇ ಇಲ್ಲ. ಆರು ತಿಂಗಳ ಮಾತ್ರೆಯಿಂದ ಮಗುವಿನ ಲಿವರ್ ಹಾಳಾದರೆ ಯಾರು ಹೊಣೆ ಎಂಬುದನ್ನೂ ಹೇಳಿ.

ಹಳೇ ಕಡತ

ಬಿಸಿಜಿ ಬಗ್ಗೆ ನಾನು ಹೇಳುತ್ತೇನೆ, ಹಳೆಯ ಸಂಗತಿಗಳ ಹುಚ್ಚು ನನ್ನದು. ಫ್ರಾನ್ಸಿನಲ್ಲಿ 1921ರಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಕೊಟ್ಟ ಲಸಿಕೆ ಇದು. ನಮ್ಮ ದೇಶದಲ್ಲಿ 1948ರಲ್ಲಿ ಶುರುವಾಯಿತು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಆರಂಭವಾದ ಬೃಹತ್ ಪ್ರಯೋಗದಲ್ಲಿ ಗೊತ್ತಾಗಿದ್ದು, ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಅದು ತಡೆಯುವುದಿಲ್ಲ ಎಂದು. ಹಾಗಾದರೆ ಏಕೆ ಹಾಕುತ್ತಾರೆ? ಎಳೆಯ ಮಕ್ಕಳಲ್ಲಿ ಮೆದುಳಿನ ಕ್ಷಯ, ಮಿಲಿಯರಿ ಕ್ಷಯದಂಥ ಪ್ರಾಣಾಂತಿಕ ರೂಪಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಬಹುಮಟ್ಟಿಗೆ, ಪೂರ್ತಿಯಾಗಿ ಅಲ್ಲ. ಅಜ್ಜ ದಿನವೂ ಮುಖದ ಹತ್ತಿರವೇ ಕೆಮ್ಮುತ್ತಿದ್ದರೆ ತೋಳಿನ ಮೇಲಿನ ಕಲೆಯನ್ನೇ ನಂಬಿ ಕೂರಲಾಗದು.

ಅಂದ ಹಾಗೆ ಈ ಲೆಕ್ಕಾಚಾರಗಳಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರದ್ದು. ಅವರು 60ರ ದಶಕದ ಆರಂಭದಲ್ಲೇ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಜನರ ಕೈಗೆ ಟ್ಯೂಬರ್ಕ್ಯುಲಿನ್ (ಮಾಂಟೂವಿನಲ್ಲಿ ಬಿಡುವ ಪ್ರೋಟೀನ್) ಚುಚ್ಚಿ, ಎಕ್ಸ್‌ರೇ ತೆಗೆದು, ಕಫ ನೋಡಿ ಸಮೀಕ್ಷೆ ಮಾಡಿದ್ದರು. ಮಂಗನ ಕಾಯಿಲೆಯ ಬಗ್ಗೆ ಮಾತ್ರ ನಾವು ಮಲೆನಾಡಿನವರು ಹೆಮ್ಮೆಯೋ ದುಃಖವೋ ತಿಳಿಯದಂತೆ ಮಾತನಾಡುತ್ತೇವೆ. ಬಯಲುಸೀಮೆಯವರ ಈ ಕೆಲಸ ಯಾರಿಗೂ ನೆನಪಿಲ್ಲ.

ಮಕ್ಕಳ ವೈದ್ಯ, ಶಿವಮೊಗ್ಗ

ತೋಟದವರೇ, ಲಿವರ್ ಪ್ರಶ್ನೆ ನ್ಯಾಯವಾದದ್ದೇ. ಆರು ತಿಂಗಳು ಕೊಡುವ ತಡೆ ಮಾತ್ರೆ ಐಸೋನಿಯಾಜಿಡ್. ಅದು ಮಕ್ಕಳ ಲಿವರ್‌ಗೆ ತೊಂದರೆ ಕೊಡುವುದು ಅಪರೂಪ, ದೊಡ್ಡವರಿಗಿಂತ ಬಹಳ ಕಡಿಮೆ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಮಗು ಊಟ ಬಿಟ್ಟರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕಾಮಾಲೆಗೆ ನಾಟಿ ಔಷಧ ಹುಡುಕಿಕೊಂಡು ಹೋಗುವುದು ನಮ್ಮ ಕಡೆ ಬೇಗ ಆಗುತ್ತದೆ. ಇಲ್ಲಿ ಹಾಗೆ ಮಾಡಬೇಡಿ.

ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಕಿಲೋಗೆ ಸುಮಾರು 10 ಮಿಲಿಗ್ರಾಂ, ದಿನಕ್ಕೊಮ್ಮೆ, ಆರು ತಿಂಗಳು. ಎರಡು ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಮ್ಮೆಯಂತೆ 12 ಡೋಸ್‌ಗಳಲ್ಲಿ ಮುಗಿಯುವ ಜೋಡಿ ಔಷಧವೂ ಕಾರ್ಯಕ್ರಮದಲ್ಲಿದೆ. ಅದರಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ನಿಮ್ಮ ಮಗಳಿಗೆ ಅದು ಹೊಂದುತ್ತದೆಯೇ ಎಂದು ಕೇಳಿ ನೋಡಬಹುದು.

ಭದ್ರಾವತಿ ಅಪ್ಪ

ನೆಗೆಟಿವ್ ಎಂಬ ಶಬ್ದವನ್ನು ನಂಬಿದರೆ ಏನಾಗುತ್ತದೆ ಎಂದು ನಮ್ಮ ಮನೆಯ ಕಥೆ ಹೇಳುತ್ತೇನೆ. ಮಗಳಿಗೆ ಆಗ ಎರಡು ವರ್ಷ. ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಮೂರು ತಿಂಗಳಿಂದ ಮೇಲೇರದೆ ಮಲಗಿತ್ತು. ಸಂಜೆ ಸಣ್ಣ ಜ್ವರ. ಒಂದು ಕಡೆ ಹಲ್ಲು ಬರುತ್ತಿದೆ ಎಂದರು, ಇನ್ನೊಂದು ಕಡೆ ಜಂತುಹುಳುವಿನ ಔಷಧ ಕೊಟ್ಟರು. ಮಾಂಟೂ ಮಾಡಿಸಿದೆವು, ನೆಗೆಟಿವ್. ಮನೆಯವರೆಲ್ಲ ಉಸಿರು ಬಿಟ್ಟರು.

ಮುಂದೆ ನೋಡಿದ ವೈದ್ಯರು ಮಾಂಟೂ ಕಾಗದವನ್ನು ಪಕ್ಕಕ್ಕಿಟ್ಟು ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದ ಬುಡದ ಗ್ರಂಥಿಗಳು ಊದಿದ್ದವು. ಆಮೇಲೆ ಹೊಟ್ಟೆಯ ನೀರು ತೆಗೆಯುವ ಕೆಲಸ. ಇಷ್ಟು ಚಿಕ್ಕ ಮಕ್ಕಳು ಕಫ ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ಆದ್ದರಿಂದ ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಮೂಗಿನ ಮೂಲಕ ಸಣ್ಣ ನಳಿಕೆ ಇಳಿಸಿ, ರಾತ್ರಿ ನುಂಗಿದ್ದನ್ನು ಸಿರಿಂಜಿನಲ್ಲಿ ಎಳೆಯುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಳ್ಳುವ ಪಾಳಿ ನನ್ನದಾಗಿತ್ತು. ನೋಡಲು ಕಷ್ಟ, ಆದರೆ ಕೆಲವೇ ನಿಮಿಷದ ಕೆಲಸ. ಸಿಬಿನಾಟ್‌ನಲ್ಲಿ ರೋಗಾಣು ಸಿಕ್ಕಿತು. ನೀರಿನಲ್ಲಿ ಕರಗುವ ಹಣ್ಣಿನ ರುಚಿಯ ಮಾತ್ರೆ ಆರು ತಿಂಗಳು ನಡೆಯಿತು. ಈಗ ಶಾಲೆಗೆ ಹೋಗುತ್ತಾಳೆ, ಅಕ್ಕಿರೊಟ್ಟಿ ಎರಡಕ್ಕೆ ನಿಲ್ಲಿಸುವುದಿಲ್ಲ.

ಸೋಂಕು ಬಂದಿದ್ದು ನಮ್ಮ ಮನೆಯಿಂದ ಅಲ್ಲ. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಹಳೆಯ ಕೆಮ್ಮು ಇತ್ತು. ಆಕೆಗೂ ಚಿಕಿತ್ಸೆ ಸಿಕ್ಕಿತು.

ಮಕ್ಕಳ ವೈದ್ಯ, ಶಿವಮೊಗ್ಗ

ತೂಕ ಕುಂದಿದ ಮಗುವಿನಲ್ಲಿ ಮಾಂಟೂ ಸುಳ್ಳು ನೆಗೆಟಿವ್ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಈಗ ಮಗುವಿನ ಮಲವನ್ನೇ ಸಿಬಿನಾಟ್ ಯಂತ್ರದಲ್ಲಿ ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯಿದೆ. ನುಂಗಿದ ಕಫ ಕೊನೆಗೆ ಹೋಗುವುದು ಅಲ್ಲಿಗೇ. ನಳಿಕೆಯ ಗೋಜಿಲ್ಲ. ಆದರೆ ಅಲ್ಲೂ ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು, ಏಕೆಂದರೆ ಮಕ್ಕಳ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ.

ಹೊಸನಗರದ ಸೊಸೆ

ಭದ್ರಾವತಿಯವರೇ, ಓದಿ ಕೈಕಾಲು ತಣ್ಣಗಾಯಿತು. ನಾಳೆಯೇ ಎಕ್ಸ್‌ರೇಗೆ ಹೋಗುತ್ತೇವೆ.

ಸಿಸ್ಟರ್, ಒಂದು ಅನುಮಾನ. ಮಗಳ ಕೈ ನೋಡಿದಾಗ ಅಂಗೈಯಷ್ಟು ಕೆಂಪಾಗಿತ್ತು. ಲ್ಯಾಬ್‌ನವರು ಸ್ಕೇಲ್ ಇಟ್ಟು 12 ಎಂದರು. ಅದನ್ನು ಹೇಗೆ ಅಳೆದರೋ? ಅತ್ತೆಯವರು ನಡುವೆ ಒಮ್ಮೆ ಅರಿಶಿನ ಹಚ್ಚಿದ್ದರು, ಅದರಿಂದಲೇ ಕೆಂಪಾಗಿರಬಹುದೇ?

ನಿವೃತ್ತ ಸಿಸ್ಟರ್, ತೀರ್ಥಹಳ್ಳಿ

ಅರಿಶಿನದಿಂದ ಮಿಲಿಮೀಟರ್ ಏರುವುದಿಲ್ಲ. ಆದರೆ ಹಚ್ಚಬಾರದು, ಉಜ್ಜಬಾರದು, ಪಟ್ಟಿ ಕಟ್ಟಬಾರದು. ಸ್ನಾನ ಮಾಡಿಸಬಹುದು. ನಮ್ಮ ಕಾಲದಲ್ಲಿ ಕೊಬ್ಬರಿ ಎಣ್ಣೆ, ತುಳಸಿ ರಸ, ಒಮ್ಮೆ ವೀಳ್ಯದೆಲೆಗೆ ಸುಣ್ಣ ಸಹ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ.

ಕೆಂಪು ಲೆಕ್ಕಕ್ಕಿಲ್ಲ. ಅಳೆಯುವುದು ಗಟ್ಟಿಯಾದ ಊತವನ್ನು. ನಾನು ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಮಗುವಿನ ಮುಂಗೈಯನ್ನು ಬೆಳಕಿಗೆ ತಿರುಗಿಸಿ, ಮೊಣಕೈ ಸ್ವಲ್ಪ ಮಡಿಸಿ ಇಡಬೇಕು. ಮೊದಲು ಕಣ್ಣು ಮುಚ್ಚಿ ಬೆರಳ ತುದಿಯಿಂದ ಸವರಿ ಅಂಚು ಎಲ್ಲಿದೆ ಎಂದು ತಿಳಿಯಬೇಕು. ಆಮೇಲೆ ಬಾಲ್ ಪೆನ್ನನ್ನು ಊತದ ಹೊರಗಿನಿಂದ ಮಧ್ಯಕ್ಕೆ ಮೆಲ್ಲಗೆ ಎಳೆದುಕೊಂಡು ಬರಬೇಕು; ಗಟ್ಟಿ ಭಾಗದ ಅಂಚಿಗೆ ತಾಗಿದಾಗ ಪೆನ್ನು ತಡೆದು ನಿಲ್ಲುತ್ತದೆ. ಎದುರು ಬದಿಯಿಂದಲೂ ಹಾಗೆಯೇ. ಎರಡು ಗೆರೆಗಳ ತುದಿಗಳ ನಡುವಿನ ಅಂತರವನ್ನು ಕೈಗೆ ಅಡ್ಡಲಾಗಿ, ಪಾರದರ್ಶಕ ಸ್ಕೇಲ್‌ನಲ್ಲಿ ಅಳೆಯಬೇಕು. ಮೊಣಕೈಯಿಂದ ಮಣಿಕಟ್ಟಿನ ಕಡೆಗೆ ಉದ್ದಕ್ಕೆ ಅಳೆಯುವುದಿಲ್ಲ. ಊತವೇ ಇಲ್ಲದಿದ್ದರೆ ಸುಮ್ಮನೆ ನೆಗೆಟಿವ್ ಎಂದು ಗೀಚದೆ 0 ಮಿಲಿಮೀಟರ್ ಎಂದು ಬರೆಯಬೇಕು. ನಿಮ್ಮ ಮಗನ ಚೀಟಿಯಲ್ಲಿ ಅಂಕಿಯೇ ಇಲ್ಲದಿದ್ದರೆ ನನ್ನ ದೃಷ್ಟಿಯಲ್ಲಿ ಅದು ಅರ್ಧ ರಿಪೋರ್ಟ್.

ಸಾಮಾನ್ಯವಾಗಿ 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. ಎಚ್‌ಐವಿ ಇರುವ, ತೀರಾ ಸೊರಗಿದ ಮಕ್ಕಳಲ್ಲಿ 5 ಮಿಲಿಮೀಟರ್ ಬಂದರೂ ಪಾಸಿಟಿವ್. ಚುಚ್ಚುವ ದ್ರವದ ಶಕ್ತಿಯನ್ನೂ ಕೇಳಿ. ನಮ್ಮಲ್ಲಿ ಮಕ್ಕಳಿಗೆ ಹೇಳಿರುವುದು 2 ಟಿಯು (ಟ್ಯೂಬರ್ಕ್ಯುಲಿನ್ ಯೂನಿಟ್). ಅದಕ್ಕಿಂತ ಹೆಚ್ಚಿನದನ್ನು ಚುಚ್ಚಿದರೆ ಸೋಂಕಿಲ್ಲದ ಕೈಯೂ ಏಳಬಹುದು.

ಮಲೆನಾಡಿನಲ್ಲಿ ಈ ಪರೀಕ್ಷೆಯ ನಿಜವಾದ ಸಂಕಟ ಎರಡು ಸಲ ಹೋಗಬೇಕಾದದ್ದು. ಚುಚ್ಚಿದ 48ರಿಂದ 72 ಗಂಟೆಯೊಳಗೆ ಓದಿಸಬೇಕು. ಗುರುವಾರ ಮಧ್ಯಾಹ್ನ ಚುಚ್ಚಿಸಿಕೊಂಡರೆ ಓದುವ ಸಮಯ ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನ. ಯಾರು ಕೂತಿರುತ್ತಾರೆ ಅಲ್ಲಿ? ಅದರ ಮೇಲೆ ಆಷಾಢದ ಮಳೆಯಲ್ಲಿ ಮರ ಬಿದ್ದು ಬಸ್ ಬಾರದಿದ್ದರೆ ಮುಗಿಯಿತು. ಸೋಮವಾರ ಅಥವಾ ಮಂಗಳವಾರ ಚುಚ್ಚಿಸಿ. ಮೊಬೈಲ್‌ನಲ್ಲಿ ಕೈಯ ಚಿತ್ರ ತೆಗೆದು ಕಳಿಸಿ ಹೇಳಿ ಎನ್ನುವವರಿದ್ದಾರೆ. ಊತ ಬೆರಳಿಗೆ ಸಿಗುವಂಥದ್ದು, ಚಿತ್ರದಲ್ಲಿ ಕೆಂಪು ಮಾತ್ರ ಕಾಣುತ್ತದೆ.

ದಡಾರದ ಲಸಿಕೆಯ ದಿನ ಹತ್ತಿರವಿದ್ದರೆ ಮಾಂಟೂವನ್ನು ಅದೇ ದಿನ ಮಾಡಿಸಿ, ಇಲ್ಲವೇ ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸಿ. ಆ ಲಸಿಕೆ ಕೆಲವು ವಾರ ಮಾಂಟೂವಿನ ಫಲಿತಾಂಶವನ್ನು ಕುಗ್ಗಿಸುತ್ತದೆ.

ಸಾಗರದಿಂದ ಸಿಯಾಟಲ್‌ಗೆ

ಸ್ವಲ್ಪ ಬೇರೆ ಪ್ರಶ್ನೆ, ಕ್ಷಮಿಸಿ. ನಮ್ಮ ಮಗ ಮೂರು ವರ್ಷದವನು, ಸಾಗರದಲ್ಲಿ ಹುಟ್ಟಿದ್ದು, ಬಿಸಿಜಿ ಆಗಿದೆ. ಇಲ್ಲಿ ಮಕ್ಕಳ ವೈದ್ಯರ ಬಳಿ ಪ್ರಶ್ನಾವಳಿ ತುಂಬಿಸಿದರು. ಭಾರತದಲ್ಲಿ ಹುಟ್ಟಿದ್ದು, ಈ ವರ್ಷ ಊರಿಗೆ ಹೋಗಿ ಬಂದದ್ದು ಎರಡಕ್ಕೂ ಹೌದು ಎಂದಾಗ ಕ್ಷಯದ ಪರೀಕ್ಷೆ ಆಗಲೇಬೇಕು ಎನ್ನುತ್ತಿದ್ದಾರೆ. ಮಾಂಟೂ ಮಾಡಿಸಿದರೆ ಬಿಸಿಜಿಯಿಂದಲೇ ಪಾಸಿಟಿವ್ ಬಂದು ರಂಪವಾಗುತ್ತದೆ ಎಂದು ನಮ್ಮಮ್ಮ ಫೋನಿನಲ್ಲಿ ದಿನಾ ಹೆದರಿಸುತ್ತಾರೆ.

ಮಕ್ಕಳ ವೈದ್ಯ, ಶಿವಮೊಗ್ಗ

ರಕ್ತದ ಇಗ್ರಾ ಪರೀಕ್ಷೆ ಕೇಳಿ. ನಿಮ್ಮಲ್ಲಿ ಬಿಸಿಜಿ ಆಗಿರುವ, ಎರಡು ವರ್ಷ ದಾಟಿದ ಮಕ್ಕಳಿಗೆ ಅದನ್ನೇ ಮೊದಲು ಆರಿಸುತ್ತಾರೆ. ಬಿಸಿಜಿ ಲಸಿಕೆಯ ರೋಗಾಣುವಿನಲ್ಲಿ ಇಲ್ಲದ, ಕ್ಷಯದ ರೋಗಾಣುವಿನಲ್ಲಿ ಇರುವ ಎರಡು ಪ್ರೋಟೀನ್‌ಗಳನ್ನು ಮಗುವಿನ ರಕ್ತಕ್ಕೆ ಬೆರೆಸಿ, ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಬಿಡುತ್ತವೆಯೇ ಎಂದು ಅಳೆಯುತ್ತಾರೆ. ಆದ್ದರಿಂದ ಬಿಸಿಜಿ ಗೊಂದಲ ಮಾಡುವುದಿಲ್ಲ, ಎರಡನೆಯ ಸಲ ಹೋಗಬೇಕಾಗಿಯೂ ಇಲ್ಲ. ತೊಂದರೆ ಎಂದರೆ ರಕ್ತ ಹೆಚ್ಚು ಬೇಕು. ಎಳೆಯ ಕೂಸುಗಳಲ್ಲಿ ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬ ಉತ್ತರ ಬರುವುದು ಹೆಚ್ಚು.

ನಿಮ್ಮ ದೇಶದ ಕ್ರಮವೇ ಬೇರೆ ಎಂಬುದನ್ನು ನೆನಪಿಡಿ. ಅಲ್ಲಿ ಬಿಸಿಜಿ ಎಲ್ಲರಿಗೂ ಹಾಕುವುದಿಲ್ಲ, ಕ್ಷಯ ಅಪರೂಪ. ಆದ್ದರಿಂದ ಮೊದಲು ಪ್ರಶ್ನೆ ಕೇಳಿ, ಅಪಾಯವಿದ್ದ ಮಗುವಿಗಷ್ಟೇ ಪರೀಕ್ಷೆ ಮಾಡುತ್ತಾರೆ. ಮಾಂಟೂ ಮಾಡಿದರೂ ಕ್ಷಯ ರೋಗಿಯ ನಿಕಟ ಸಂಪರ್ಕವಿದ್ದವರಿಗೆ 5, ನಾಲ್ಕು ವರ್ಷದೊಳಗಿನವರಿಗೆ ಮತ್ತು ನಮ್ಮಂಥ ದೇಶಗಳಲ್ಲಿ ಹುಟ್ಟಿದವರಿಗೆ 10, ಯಾವ ಅಪಾಯವೂ ಇಲ್ಲದ ದೊಡ್ಡ ಮಕ್ಕಳಿಗೆ 15 ಮಿಲಿಮೀಟರ್ ಎಂದು ಗೆರೆ ಬದಲಾಗುತ್ತದೆ. ಪಾಸಿಟಿವ್ ಬಂದರೆ ರಂಪವೇನೂ ಆಗದು, ಎಕ್ಸ್‌ರೇ ತೆಗೆದು ಮುಂದಿನದು ನೋಡುತ್ತಾರೆ. ಹುಟ್ಟಿದಾಗ ಹಾಕಿದ ಬಿಸಿಜಿಯ ಪ್ರಭಾವ ವರ್ಷಗಳು ಕಳೆದಂತೆ ಕುಗ್ಗುತ್ತದೆ, ಎಲ್ಲ ಊತವನ್ನೂ ಅದರ ತಲೆಗೆ ಕಟ್ಟಬೇಡಿ.

ಭದ್ರಾವತಿ ಅಪ್ಪ

ರಕ್ತ ಪರೀಕ್ಷೆ ಎಂದಾಗ ನೆನಪಾಯಿತು. ನಮಗೂ ಒಂದು ಲ್ಯಾಬ್‌ನಲ್ಲಿ ಟಿಬಿ ಐಜಿಜಿ, ಐಜಿಎಂ ಎಂದು ದುಡ್ಡು ಕಿತ್ತಿದ್ದರು. ಅದೂ ಇಗ್ರಾವೂ ಒಂದೇ ಏನು?

ಮಕ್ಕಳ ವೈದ್ಯ, ಶಿವಮೊಗ್ಗ

ಅಲ್ಲ. ನೀವು ಹೇಳಿದ್ದು ಕ್ಷಯಕ್ಕಾಗಿ ಮಾಡುವ ಪ್ರತಿಕಾಯದ ಪರೀಕ್ಷೆ. ಅದು ನಂಬಲರ್ಹವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತು, ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ಯಾರಾದರೂ ಇಂದಿಗೂ ಬರೆದುಕೊಟ್ಟರೆ ಮಾಡಿಸಬೇಡಿ.

ಇನ್ನು ಬಿಸಿಜಿಯ ಗೊಂದಲವಿಲ್ಲದ ಹೊಸ ಚರ್ಮದ ಪರೀಕ್ಷೆ, ಪುಣೆಯ ಸೀರಂ ಸಂಸ್ಥೆ ತಯಾರಿಸುವ ಸಿ-ಟಿಬಿ, ಭಾರತದಲ್ಲಿ ಒಪ್ಪಿಗೆ ಪಡೆದದ್ದು 18 ವರ್ಷ ತುಂಬಿದವರಿಗೆ. ಅದನ್ನು ಕೂಸಿಗೆ ಕೇಳಿಕೊಂಡು ಬರುವ ಅಪ್ಪಂದಿರಿದ್ದಾರೆ, ಅದಕ್ಕಾಗಿ ಹೇಳಿದೆ.

ಅಂಗನವಾಡಿ ಟೀಚರ್, ಸೊರಬ

ನಾನು ಒಂದು ಮಾತು ಹೇಳಲೇಬೇಕು. ಅಜ್ಜನಿಗೆ ಕ್ಷಯ ಎಂದು ತಿಳಿದ ಕೂಡಲೇ ಮೊಮ್ಮಗುವನ್ನು ಅಂಗನವಾಡಿಗೆ ಕಳಿಸಬೇಡಿ ಎಂದು ಊರವರು ಬಂದು ನಿಲ್ಲುತ್ತಾರೆ. ತಡೆ ಮಾತ್ರೆ ತೆಗೆದುಕೊಳ್ಳುತ್ತಿರುವ ಮಗುವಿಗೆ ಕಾಯಿಲೆಯೇ ಇಲ್ಲ, ಅದು ಯಾರಿಗೂ ಹರಡುವುದಿಲ್ಲ. ಕಾಯಿಲೆ ಬಂದ ಚಿಕ್ಕ ಮಕ್ಕಳೂ ಸಾಮಾನ್ಯವಾಗಿ ಹರಡುವುದಿಲ್ಲ, ಅವರ ಕೆಮ್ಮಿಗೆ ಆ ಬಲವಿಲ್ಲ. ಮಗುವಿಗೆ ಸೋಂಕು ಕೊಟ್ಟ ದೊಡ್ಡವರು ಎಲ್ಲೋ ಇದ್ದಾರೆ, ಹುಡುಕಬೇಕಾದದ್ದು ಅವರನ್ನು. ತಟ್ಟೆ ಬೇರೆ, ಚಾಪೆ ಬೇರೆ ಮಾಡಲು ನಮ್ಮ ಕೇಂದ್ರದಲ್ಲಿ ನಾನು ಯಾರಿಗೂ ಬಿಟ್ಟಿಲ್ಲ, ಅದಕ್ಕಾಗಿ ಜಗಳವನ್ನೂ ಆಡಿದ್ದೇನೆ.

ಬಾಣಂತಿಯರ ವಿಷಯವೂ ಅಷ್ಟೇ. ತಾಯಿಗೆ ಕ್ಷಯ ಎಂದರೆ ಮೊದಲು ಮೊಲೆ ಬಿಡಿಸುತ್ತಾರೆ.

ನಿವೃತ್ತ ಸಿಸ್ಟರ್, ತೀರ್ಥಹಳ್ಳಿ

ಬಿಡಿಸಬಾರದು. ತಾಯಿ ಮಾಸ್ಕ್ ಹಾಕಿಕೊಂಡು, ತನ್ನ ಮಾತ್ರೆ ತಪ್ಪಿಸದೆ, ಹಾಲು ಕೊಡಬಹುದು. ಹಾಲಿನಿಂದ ಕ್ಷಯ ಬರುವುದಿಲ್ಲ, ಉಸಿರಿನಿಂದ ಬರುತ್ತದೆ. ಅಂಥ ಕೂಸಿಗೆ ಹುಟ್ಟಿನಿಂದ ಬಂದ ಕ್ಷಯ ಇಲ್ಲವೆಂದು ನೋಡಿಕೊಂಡು ಆರು ತಿಂಗಳ ತಡೆ ಔಷಧ ಕೊಡುತ್ತಾರೆ. ಮಾಂಟೂ ಏಳುವುದನ್ನು ಕಾಯುವ ಪ್ರಶ್ನೆಯೇ ಅಲ್ಲಿಲ್ಲ.

ಹೊಸನಗರದ ಸೊಸೆ

ಎಕ್ಸ್‌ರೇ ಆಯಿತು, ಇಬ್ಬರದ್ದೂ ಸ್ವಚ್ಛ. ತೂಕವೂ ವಯಸ್ಸಿಗೆ ಸರಿಯಾಗಿದೆ. ಮಾವನವರ ರಿಪೋರ್ಟ್‌ನಲ್ಲಿ ರಿಫಾಂಪಿಸಿನ್‌ಗೆ ಬಗ್ಗುವ ರೋಗಾಣುವೇ ಎಂದಿದೆ. ಮಗನಿಗೆ ದಿನಾ ಮಾತ್ರೆ, ಮಗಳಿಗೆ ವಾರದ ಮಾತ್ರೆ ಬರೆದುಕೊಟ್ಟಿದ್ದಾರೆ. ಚಿಕ್ಕಪ್ಪ ಇನ್ನೂ ಗೊಣಗುತ್ತಿದ್ದಾರೆ, ಇರಲಿ.

ಮಗ ಮೊದಲ ದಿನವೇ ಉಗುಳಿದ. ಹಾಗಾದರೆ ಮತ್ತೆ ಕೊಡಬೇಕೇ? ಒಂದು ದಿನ ತಪ್ಪಿದರೆ?

ನಿವೃತ್ತ ಸಿಸ್ಟರ್, ತೀರ್ಥಹಳ್ಳಿ

ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಿ. ಪುಡಿ ಮಾಡಿ ಚಮಚ ನೀರಿನಲ್ಲಿ ಕಲಸಿ, ಕೆನ್ನೆಯ ಒಳಬದಿಗೆ ಬಿಡಿ. ನಾಲಿಗೆಯ ಮೇಲೆ ಸುರಿದರೆ ಉಗುಳದೆ ಏನು ಮಾಡುತ್ತಾನೆ? ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ, ಆ ದಿನವನ್ನು ಕೊನೆಗೆ ಸೇರಿಸಿ. ತಿಂಗಳಿಗೊಮ್ಮೆ ತೂಕ ಹಾಕಿಸಿ, ತೂಕ ಏರಿದಂತೆ ಪ್ರಮಾಣ ಬದಲಾಗುತ್ತದೆ. ನಡುವೆ ಎರಡು ವಾರ ಮೀರಿದ ಕೆಮ್ಮು, ಜ್ವರ ಬಂದರೆ ಮತ್ತೆ ತೋರಿಸಿ. ಮಾತ್ರೆ ನಡೆಯುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ.

ಮಾವನವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರಬೇಕು. 2024ರ ನವೆಂಬರ್‌ಗಿಂತ ಮೊದಲು 500 ಇತ್ತು. ಬಾರದಿದ್ದರೆ ಖಾತೆಯ ವಿವರ ಕೊಟ್ಟಿದ್ದೀರೋ ಇಲ್ಲವೋ ನೋಡಿ, ಅಥವಾ 1800-11-6666ಕ್ಕೆ ಕೇಳಿ.

ಅಡಿಕೆ ತೋಟ, ಕೋಣಂದೂರು

ಸರಿ, ಮಾತ್ರೆಯ ವಿಷಯ ಬಿಡಿ, ನನ್ನ ತಕರಾರು ನನಗಿರಲಿ. ನಮ್ಮಲ್ಲಿ ಕೊಯ್ಲಿಗೆ ಬಂದ ಸಂಸಾರವೊಂದು ತೋಟದ ಮನೆಯಲ್ಲಿದೆ. ಹೆಂಗಸು ಗಣೇಶ ಹಬ್ಬದಿಂದ ಕೆಮ್ಮುತ್ತಿದ್ದಾಳೆ, ಸೊರಗಿದ್ದಾಳೆ. ಮೂರು ತಿಂಗಳ ಕೂಸಿದೆ. ಕೂಸನ್ನು ಪರೀಕ್ಷೆಗೆ ಎಲ್ಲಿಗೆ ಕರೆದುಕೊಂಡು ಹೋಗಬೇಕು? ಅವರ ಆಧಾರ್ ಬೇರೆ ಜಿಲ್ಲೆಯದ್ದು.

ನಿವೃತ್ತ ಸಿಸ್ಟರ್, ತೀರ್ಥಹಳ್ಳಿ

ಮಾರಾಯರೇ, ಕೂಸನ್ನಲ್ಲ, ಮೊದಲು ತಾಯಿಯನ್ನು ಕರೆದುಕೊಂಡು ಹೋಗಿ. ನಾಳೆ ಬೆಳಗ್ಗೆಯೇ. ಕಫದ ಡಬ್ಬಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲಲ್ಲ. ಆಧಾರ್ ಯಾವ ಜಿಲ್ಲೆಯದ್ದಾದರೂ ಪರೀಕ್ಷೆ, ಔಷಧ ಎರಡೂ ಉಚಿತ. ಕೊಯ್ಲು ಮುಗಿಸಿ ಊರಿಗೆ ಹೋದರೂ ಹೆಸರನ್ನು ಅಲ್ಲಿಗೆ ವರ್ಗಾಯಿಸುತ್ತಾರೆ. ಕೂಸನ್ನೂ ಜೊತೆಗೆ ಕರೆದೊಯ್ದು ವೈದ್ಯರಿಂದ ನೋಡಿಸಿ, ತೂಕ ಹಾಕಿಸಿ. ಅದಕ್ಕೆ ಬಿಸಿಜಿ ಆಗಿದೆಯೋ ಇಲ್ಲವೋ ತಾಯಿ ಕಾರ್ಡ್ ನೋಡಿ ಇಲ್ಲಿ ಬರೆಯಿರಿ.